ಪಹಣಿ ಕೌಂಟರಿನಿಂದ ನಿಲ್ಲದ ಸರ್ವರ್‌ವರೆಗೆ

ಕೆಲಸ ಮುಗಿದ ಮೇಲೂ ಪ್ರೋಗ್ರಾಮು ತಾನು ಪಡೆದ ಮೆಮೊರಿಯನ್ನು ಬಿಡದೆ ಹಿಡಿದುಕೊಂಡರೆ ಅದೇ ಮೆಮೊರಿ ಲೀಕ್, ಅಂದರೆ ಸೋರಿಕೆ. 2000ದ ಆಸುಪಾಸಿನಲ್ಲಿ ಕರ್ನಾಟಕದ 177 ತಾಲ್ಲೂಕುಗಳಿಗೆ ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೇರಿಸುವ ‘ಭೂಮಿ’ ಯೋಜನೆ ಬಂದಾಗ ರಾಯಚೂರು, ಮಾನ್ವಿ, ದೇವದುರ್ಗಗಳಲ್ಲೂ ಕೈಬರಹದ ಪಹಣಿ ಹೋಗಿ, 15 ರೂಪಾಯಿಗೆ ಅಚ್ಚಾದ ಪಹಣಿ ಸಿಗತೊಡಗಿತು. ಆಗ ದಾಖಲೆಗಳು ಆಯಾ ತಾಲ್ಲೂಕು ಕಚೇರಿಯ ಕಂಪ್ಯೂಟರಿನಲ್ಲೇ ಇರುತ್ತಿದ್ದವು. ಅಂಥ ಕೌಂಟರುಗಳಲ್ಲಿ ಸಣ್ಣ ಸೋರಿಕೆ ಕಣ್ಣಿಗೆ ಬೀಳುವುದು ಅಪರೂಪ. ಸಂಜೆ ಪ್ರೋಗ್ರಾಮು ಮುಚ್ಚಿದೊಡನೆ ಅದು ಹಿಡಿದಿದ್ದ ಮೆಮೊರಿಯಷ್ಟನ್ನೂ ಆಪರೇಟಿಂಗ್ ಸಿಸ್ಟಮ್ ಹಿಂದಕ್ಕೆ ಪಡೆಯುತ್ತದೆ.

ಆ ಕಾಲದ ವಿಷುಯಲ್ ಬೇಸಿಕ್ ಭಾಷೆ, ಮೆಮೊರಿಯಲ್ಲಿರುವ ಪ್ರತಿ ವಸ್ತುವನ್ನು ಪ್ರೋಗ್ರಾಮು ಎಷ್ಟು ಕಡೆಯಿಂದ ಹಿಡಿದಿದೆಯೆಂದು ಎಣಿಸುತ್ತಿತ್ತು. ಎಣಿಕೆ ಸೊನ್ನೆಯಾದರೆ ಅಳಿಸುತ್ತಿತ್ತು. ಎರಡು ವಸ್ತುಗಳು ಒಂದನ್ನೊಂದು ಹಿಡಿದುಕೊಂಡರೆ ಎಣಿಕೆ ಸೊನ್ನೆಗೆ ಇಳಿಯುವುದೇ ಇಲ್ಲ. ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಗೆಂದು 1960ರಲ್ಲಿ ಪ್ರಕಟಿಸಿದ ಗಾರ್ಬೇಜ್ ಕಲೆಕ್ಷನ್‌ಗೆ ಈ ತೊಡಕಿಲ್ಲ. ಬಳಕೆಯಲ್ಲಿರುವ ಬೇರುಗಳಿಂದ ಹೊರಟು, ತಲುಪಲಾಗದ್ದನ್ನೆಲ್ಲ ಅದು ಗುಡಿಸಿಹಾಕುತ್ತದೆ. 1995ರ ಜಾವಾ ಇದನ್ನು ದಿನನಿತ್ಯದ ಕೆಲಸಕ್ಕೆ ತಂದಿತು. ಸೋರಿಕೆಯ ಕಾಟ ಮುಗಿಯಿತೆಂಬ ನಂಬಿಕೆ ಆಗ ಹಬ್ಬಿತು. ಅದು ತಪ್ಪು ನಂಬಿಕೆ.

ದಾಖಲೆಗಳು ಆನ್‌ಲೈನ್ ಆದಂತೆ ಹಗಲೂ ರಾತ್ರಿ ನಡೆಯುವ ಸರ್ವರ್‌ಗಳು ಬೇಕಾದವು. ಪ್ರೋಗ್ರಾಮಿನೊಳಗೆ ಕೆಲಸ ನಡೆಸುವ ಎಳೆಗೆ ಥ್ರೆಡ್ ಎನ್ನುತ್ತಾರೆ; ಬದುಕಿರುವ ಪ್ರತಿ ಥ್ರೆಡ್ಡೂ ಗಾರ್ಬೇಜ್ ಕಲೆಕ್ಟರ್ ಪಾಲಿಗೆ ಒಂದು ಬೇರು. ಅದರಿಂದ ತಲುಪಬಹುದಾದ ಯಾವುದನ್ನೂ, ಯಾರಿಗೂ ಬೇಡದಿದ್ದರೂ, ಕಲೆಕ್ಟರ್ ಮುಟ್ಟುವುದಿಲ್ಲ. ಸರ್ವರ್‌ನಲ್ಲಿ ಒಂದೇ ಥ್ರೆಡ್ಡು ಸಾವಿರಾರು ಅರ್ಜಿಗಳನ್ನು ಒಂದಾದ ಮೇಲೊಂದು ನೋಡುತ್ತದೆ. ದೇವದುರ್ಗದ ಒಂದು ಸರ್ವೆ ನಂಬರಿನ ವಿವರವನ್ನು ಆ ಥ್ರೆಡ್ಡಿಗೇ ಮೀಸಲಾದ ಥ್ರೆಡ್‌ಲೋಕಲ್ ಪಟ್ಟಿಗೆ ಸೇರಿಸಿ ತೆಗೆಯದೆ ಬಿಟ್ಟರೆ, ಮುಂದಿನ ಅರ್ಜಿಯ ವಿವರ ಅದರ ಹಿಂದೆ ಬಂದು ಕೂಡುತ್ತದೆ. ಥ್ರೆಡ್ಡು ಸಾಯದು, ಪಟ್ಟಿ ಕರಗದು.

ಮೆಮೊರಿ ತುಂಬುತ್ತ ಬಂದಂತೆ ಕಲೆಕ್ಟರ್ ಮತ್ತೆ ಮತ್ತೆ ಓಡುತ್ತದೆ. ಸಿಗುವ ಜಾಗ ಮಾತ್ರ ಕಡಿಮೆಯಾಗುತ್ತ ಹೋಗುತ್ತದೆ. ಸರ್ವರ್ ನಿಧಾನವಾಗಿ, ಕೊನೆಗೆ ನಿಲ್ಲುತ್ತದೆ. ಬೆಳೆಸಾಲಕ್ಕೆ ಪಹಣಿ ಬೇಕಾಗಿ ಕೂಲಿ ಬಿಟ್ಟು ಬಂದವನಿಗೆ ಇದರ ಬೆಲೆ ಒಂದು ದಿನದ ದುಡಿಮೆ. ರಾತ್ರಿ ಸರ್ವರ್ ರೀಸ್ಟಾರ್ಟ್ ಮಾಡುವ ರೂಢಿ ಹಲವೆಡೆ ಬೆಳೆಯಿತು. ಅದು ದೋಷವನ್ನು ಮರೆಸುತ್ತದೆ, ಕಳೆಯುವುದಿಲ್ಲ.

ಪತ್ತೆಯ ದಾರಿ ಸರಳ. ಪೂರ್ಣ ಕಲೆಕ್ಷನ್ ಆದಾಗಲೆಲ್ಲ ಉಳಿದ ಮೆಮೊರಿಯನ್ನು ಗುರುತು ಹಾಕಿಕೊಳ್ಳಬೇಕು. ಆ ಕನಿಷ್ಠ ಮಟ್ಟ ದಿನದಿಂದ ದಿನಕ್ಕೆ ಏರುತ್ತಿದ್ದರೆ ಸೋರಿಕೆಯ ಶಂಕೆ ಬಲವಾಗುತ್ತದೆ. ಆಮೇಲೆ ಹೀಪ್ ಡಂಪ್, ಅಂದರೆ ಆ ಹೊತ್ತಿನ ಮೆಮೊರಿಯ ಪ್ರತಿ ತೆಗೆದು, ಬೆಳೆದ ವಸ್ತುವನ್ನು ಯಾವ ಬೇರು ಹಿಡಿದಿದೆ ಎಂದು ಹಿಂದಕ್ಕೆ ಹುಡುಕುತ್ತ ಹೋಗಬೇಕು. ಥ್ರೆಡ್‌ಲೋಕಲ್ ಸಿಕ್ಕರೆ, ಅರ್ಜಿ ಸರಿಯಾಗಿ ಮುಗಿಯಲಿ, ನಡುವೆ ಕೆಡಲಿ, ತಪ್ಪದೆ ನಡೆಯುವ ‘ಫೈನಲಿ’ ಭಾಗದಲ್ಲಿ ಅದನ್ನು ತೆರವು ಮಾಡಬೇಕು.