ಸಸೆಕ್ಸಿನ ಗಂಡಭೇರುಂಡ

ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ, ಹಾರ್ಷಮ್ ಪಟ್ಟಣಕ್ಕೂ ಸೌತ್ ಡೌನ್ಸ್ ಎಂಬ ಸೀಮೆಸುಣ್ಣದ ಗುಡ್ಡಗಳ ಸಾಲಿಗೂ ನಡುವೆ ಹರಡಿರುವ ಜೇಡಿಮಣ್ಣಿನ ತಗ್ಗುನಾಡಿನಲ್ಲಿ, ಕೂಲ್‌ಹ್ಯಾಮ್ ಎಂಬ ಸಣ್ಣ ಗ್ರಾಮವೊಂದುಂಟು. ಒಂದು ಕೂಡುರಸ್ತೆ, ಸೆಲ್ಸಿ ಆರ್ಮ್ಸ್ ಎಂಬ ಪಾನಗೃಹ, ಓಕ್ ಮರಗಳು ಅಂಚುಗಟ್ಟಿದ ಹೊಲಗಳು, ಮಳೆ ಬಿದ್ದೊಡನೆ ಪಾದರಕ್ಷೆಯನ್ನು ಹಿಡಿದುಕೊಂಡು ಬಿಡಲೊಲ್ಲದ ಮಣ್ಣು: ಇವಿಷ್ಟೇ ಅದರ ಐಶ್ವರ್ಯವೆಂದು ಮೊದಲ ನೋಟಕ್ಕೆ ತೋರುತ್ತದೆ. ಊರಿನ ಸಮೀಪದಲ್ಲಿಯೇ, ಮರಗಳ ಮರೆಯಲ್ಲಿ, ಬ್ಲೂ ಐಡಲ್ ಎಂಬ ವಿಚಿತ್ರ ನಾಮಧೇಯದ ಹಳೆಯ ಮನೆಯೊಂದಿದೆ. ಯುದ್ಧವನ್ನು ಯಾವ ಕಾರಣಕ್ಕೂ ಒಪ್ಪದ ಕ್ವೇಕರ್ ಪಂಥದವರು ಹದಿನೇಳನೆಯ ಶತಮಾನದ ಅಂತ್ಯದಲ್ಲಿಯೇ ಅಲ್ಲಿ ಕೂಡಿ ಮೌನಪ್ರಾರ್ಥನೆ ನಡೆಸತೊಡಗಿದ್ದರು. ಪೆನ್ಸಿಲ್ವೇನಿಯದ ಸ್ಥಾಪಕನಾದ ವಿಲಿಯಂ ಪೆನ್ ಅದರೊಡನೆ ಸಂಬಂಧವಿರಿಸಿಕೊಂಡಿದ್ದವನು. ಅಹಿಂಸೆಗೆ ಮುಡಿಪಾದ ಈ ನೆಲದ ಪಕ್ಕದಲ್ಲಿಯೇ, 1944ರ ಏಪ್ರಿಲಿನಲ್ಲಿ, ಯುದ್ಧವಿಮಾನಗಳ ತಂಗುದಾಣವೊಂದು ತಲೆಯೆತ್ತಿತೆಂಬುದು ವಿಧಿಯ ವಿನೋದವಲ್ಲದೆ ಮತ್ತೇನು?

ನನ್ನನ್ನು ಅಲ್ಲಿಗೆ ಎಳೆದದ್ದು ಕ್ವೇಕರರೂ ಅಲ್ಲ, ಓಕ್ ಮರಗಳೂ ಅಲ್ಲ. ಆ ತಂಗುದಾಣದಿಂದ ಹಾರಿದ ಮೂರು ದಳಗಳಲ್ಲೊಂದರ ಹೆಸರು. ಬ್ರಿಟನ್ನಿನ ರಾಜವಾಯುಪಡೆಯ 129ನೆಯ ದಳವನ್ನು ‘ಮೈಸೂರು ದಳ’ವೆಂದು ಕರೆಯುತ್ತಿದ್ದರು, ಅದರ ಲಾಂಛನ ನಮ್ಮ ಗಂಡಭೇರುಂಡ. ಎರಡನೆಯ ಮಹಾಯುದ್ಧದ ಆರಂಭದಲ್ಲಿ ವಿಮಾನಗಳಿಗಾಗಿ ಧನಸಹಾಯ ಮಾಡಿದ ದೇಶ, ಪ್ರಾಂತ, ಸಂಸ್ಥಾನಗಳ ಹೆಸರನ್ನು ಒಂದೊಂದು ದಳಕ್ಕೆ ಇಡುವ ಪದ್ಧತಿ ಆ ಸೈನ್ಯದಲ್ಲಿತ್ತು. ಹೈದರಾಬಾದು, ಮದರಾಸು, ಮುಂಬಯಿ ಇವುಗಳ ಹೆಸರಿನವೂ ಇದ್ದುವು. ಮೈಸೂರಿನ ದಳ 1941ರ ಜೂನಿನಲ್ಲಿ ಯಾರ್ಕ್‌ಷೈರಿನ ಲೆಕನ್‌ಫೀಲ್ಡಿನಲ್ಲಿ ಸ್ಪಿಟ್‌ಫೈರ್ ವಿಮಾನಗಳೊಡನೆ ಸಿದ್ಧವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಅದಕ್ಕೆ ಮುಂಚಿನ ವರ್ಷದ ಆಗಸ್ಟಿನಲ್ಲಿ ತೀರಿಕೊಂಡು, ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದಿದ್ದ ಕಾಲವದು; ಬೆಂಗಳೂರಿನಲ್ಲಿ ವಾಲಚಂದ್ ಹೀರಾಚಂದರು ಸಂಸ್ಥಾನದ ನೆರವಿನಿಂದ ಕಟ್ಟಿದ ಹಿಂದುಸ್ತಾನ್ ವಿಮಾನ ಕಾರ್ಖಾನೆ ತನ್ನ ಮೊದಲ ಶಿಕ್ಷಣವಿಮಾನವನ್ನು ಮೇಲಕ್ಕೇರಿಸಲು ಸನ್ನದ್ಧವಾಗುತ್ತಿದ್ದ ಬೇಸಗೆಯೂ ಅದೇ.

ಬಳ್ಳಿಗಾವೆಯಲ್ಲಿ 1047ರಲ್ಲಿ ಕಂಬದ ಮೇಲೇರಿ, ವಿಜಯನಗರದ ನಾಣ್ಯಗಳ ಮೇಲೆ ಆನೆಗಳನ್ನು ಕೊಕ್ಕಿನಲ್ಲಿಯೂ ಉಗುರಿನಲ್ಲಿಯೂ ಹಿಡಿದೆತ್ತಿ, ಒಡೆಯರ ರಾಜಮುದ್ರೆಯಲ್ಲಿ ವಿರಾಜಮಾನವಾಗಿ, ಈಗ ಸರಕಾರದ ಪ್ರತಿಯೊಂದು ಸುತ್ತೋಲೆಯ ನೆತ್ತಿಯಲ್ಲಿ ಕುಳಿತಿರುವ ಆ ಪಕ್ಷಿ, ತನ್ನ ಸಾವಿರ ವರ್ಷಗಳ ಬಾಳಿನಲ್ಲಿ ನಿಜವಾಗಿ ಆಕಾಶದ ಯುದ್ಧಕ್ಕಿಳಿದದ್ದು ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ ಮಾತ್ರ. ಅದರ ಆಯ್ಕೆಯಲ್ಲಿ ಔಚಿತ್ಯವೂ ಇಲ್ಲದಿಲ್ಲ. ಒಂಟಿ ಆಸನದ ಕಾದಾಟದ ವಿಮಾನದಲ್ಲಿ ಕುಳಿತವನಿಗೆ ಕಲಿಸುವ ಮೊದಲ ಪಾಠವೇ ಹಿಂದಿರುಗಿ ನೋಡುತ್ತಿರುವುದು. ಸತತವಾಗಿ ತಿರುಗಿಸಿ ತಿರುಗಿಸಿ ಕುತ್ತಿಗೆ ಉಜ್ಜಿ ಹೋಗದಿರಲೆಂದೇ ಆ ತರುಣರು ರೇಷ್ಮೆಯ ವಸ್ತ್ರವನ್ನು ಕೊರಳಿಗೆ ಸುತ್ತಿಕೊಳ್ಳುತ್ತಿದ್ದರು. ಎರಡು ದಿಕ್ಕಿಗೆ ಎರಡು ತಲೆ ಇರುವ ಪ್ರಾಣಿಯನ್ನು ಕಂಡು ಅವರಿಗೆ ಕೊಂಚ ಅಸೂಯೆಯೇ ಆಗಿರಬೇಕು.

ದಳ ಕೂಲ್‌ಹ್ಯಾಮಿಗೆ ಬಂದಾಗ ಅದರ ಬಳಿ ಇದ್ದುದು ಸ್ಪಿಟ್‌ಫೈರಲ್ಲ, ಮಸ್ಟಾಂಗ್. ಅಲ್ಲಿನ ರನ್‌ವೇ ಕಾಂಕ್ರೀಟಿನದಲ್ಲ. ಜೇಡಿಯ ಮೇಲೆ ಹಾಸಿ ಗೂಟಹೊಡೆದ ತಂತಿಯ ಬಲೆ. ಜರ್ಮನಿಯಿಂದ ಬಂದು ಇಂಗ್ಲೆಂಡಿನಲ್ಲಿ ನೆಲಸಿದ ಸೋಮರ್‌ಫೆಲ್ಡ್ ಎಂಬ ಎಂಜಿನಿಯರನ ಹೆಸರಿನಿಂದಲೇ ಆ ಬಲೆಯನ್ನು ಕರೆಯುತ್ತಾರೆ. ಮನುಷ್ಯರು ಡೇರೆಗಳಲ್ಲಿ ಮಲಗುತ್ತಿದ್ದರು. ಜೊತೆಯಲ್ಲಿ 306 ಮತ್ತು 315ನೆಯ ದಳಗಳು, ಎರಡೂ ಪೋಲೆಂಡಿನವರವು. ಅಮೆರಿಕದ ವಿಮಾನ, ಬ್ರಿಟನ್ನಿನ ರೋಲ್ಸ್-ರಾಯ್ಸ್ ಕಂಪೆನಿ ರಚಿಸಿದ ಎಂಜಿನು, ಕಾಲಡಿಯಲ್ಲಿ ಜರ್ಮನನ ಬಲೆ, ಎಡಬಲಗಳಲ್ಲಿ ಪೋಲಿಷ್ ಮಾತು, ಲಾಂಛನದಲ್ಲಿ ಮೈಸೂರಿನ ಹಕ್ಕಿ: ಸಾಮ್ರಾಜ್ಯಗಳು ತಮ್ಮ ಕೊನೆಗಾಲದಲ್ಲಿ ಎಂತೆಂತಹ ಸಮ್ಮೇಳನಗಳನ್ನು ಕೂಡಿಸುತ್ತವೆ! ಜೂನ್ 6ರ ನಾರ್ಮಂಡಿ ಆಕ್ರಮಣದ ಮುನ್ನ, ತಮ್ಮವರೇ ತಮ್ಮ ಮೇಲೆ ಗುಂಡುಹಾರಿಸದಿರಲೆಂದು, ವಿಮಾನಗಳ ರೆಕ್ಕೆಗಳಿಗೆಲ್ಲ ಮೂರು ಬಿಳಿ, ಅವುಗಳ ನಡುವೆ ಎರಡು ಕಪ್ಪು ಪಟ್ಟೆಗಳನ್ನು ಬಳಿಯಲಾಯಿತು. ಚಿತ್ರಗಳಲ್ಲಿ ನೋಡಿದರೆ ವಿಭೂತಿ ಧರಿಸಿ ಹೊರಟಂತೆಯೇ ಇದೆ. ಆ ತಿಂಗಳು ಮುಗಿಯುವ ಮೊದಲೇ ದಳಗಳು ಅಲ್ಲಿಂದ ತೆರಳಿದುವು. ಜುಲೈಯಿಂದ ಕೆಂಟ್ ಪ್ರಾಂತದ ಬ್ರೆನ್ಜೆಟ್ಟಿನಲ್ಲಿದ್ದುಕೊಂಡು, ಲಂಡನ್ನಿನ ಮೇಲೆ ಬರುತ್ತಿದ್ದ ಚಾಲಕರಹಿತ ಹಾರುಬಾಂಬುಗಳನ್ನು ಬೇಟೆಯಾಡಿದುವು. ರೈತರು ತಮ್ಮ ಹೊಲಗಳನ್ನು ಮರಳಿ ಉತ್ತರು.

ಯುದ್ಧಾನಂತರ ಇಂಥ ದಳಗಳ ಸ್ಮರಣೆಯನ್ನು ಕಾಯುವ ಭಾರ ನಿವೃತ್ತ ಸೈನಿಕರ ಸಂಘಗಳ ಮೇಲೆ ಬಿತ್ತು. ಕಾಲಾಳಿನ ರೆಜಿಮೆಂಟಿಗಾದರೆ ಒಂದು ಜಿಲ್ಲೆ, ಒಂದು ಚರ್ಚು, ಹರಿದ ಧ್ವಜಗಳನ್ನು ತೂಗುಹಾಕಲು ಒಂದು ಗೋಡೆ ಇರುತ್ತದೆ. ವಿಮಾನದಳವೋ ಜಾತಿಯಿಂದಲೇ ಅಲೆಮಾರಿ. ನಮ್ಮ ಮೈಸೂರು ದಳ ಯಾರ್ಕ್‌ಷೈರಿನಿಂದ ಸಸೆಕ್ಸಿಗೆ, ಅಲ್ಲಿಂದ ಉತ್ತರದ ಆರ್ಕ್ನಿ ದ್ವೀಪಗಳಿಗೆ, ಮತ್ತೆ ದಕ್ಷಿಣಕ್ಕೆ, ಕಡೆಗೆ ನಾರ್ವೆಗೂ ಹೋಗಿ, 1946ರ ಸೆಪ್ಟೆಂಬರಿನಲ್ಲಿ 257 ಎಂಬ ಬೇರೊಂದು ಸಂಖ್ಯೆಯನ್ನು ತಳೆದು ಅಂತರ್ಧಾನವಾಯಿತು. ಮೈಸೂರೂ ಹೋಯಿತು, ಹಕ್ಕಿಯೂ ಹೋಯಿತು. ಇಂಥ ದಳದಲ್ಲಿದ್ದವರ ಸಂಘವೆಂದರೆ ವರ್ಷಕ್ಕೊಂದು ಭೋಜನ, ತಿದ್ದಿ ತಿದ್ದಿ ಚಿಕ್ಕದಾಗುವ ವಿಳಾಸಗಳ ಪಟ್ಟಿ, ಯಾರು ಯಾವ ವಿಮಾನವನ್ನು ಮುರಿದರೆಂಬ ತೀರದ ವ್ಯಾಜ್ಯ. ಹೊಸ ಸದಸ್ಯರು ಬೇಕಾದರೆ ಇನ್ನೊಂದು ಮಹಾಯುದ್ಧವನ್ನೇ ಹಾರೈಸಬೇಕಾದ ಈ ಸಂಘಗಳು ಕಡೆಕಡೆಗೆ ಮಕ್ಕಳ, ಮೊಮ್ಮಕ್ಕಳ, ಆ ನೆಲದಲ್ಲಿ ಬಾಳುವ ಹಳ್ಳಿಗರ ಕೈಸೇರುತ್ತವೆ.

ಪೋಲೆಂಡಿನವರ ವಿಷಯ ಇದಕ್ಕಿಂತ ಕಠೋರವಾದುದು. ಕೂಲ್‌ಹ್ಯಾಮಿನ ಈ ಮೂರು ದಳಗಳಿಗೂ ನಾಯಕನಾಗಿದ್ದ ಸ್ಟಾನಿಸ್ವಾವ್ ಸ್ಕಾಲ್ಸ್‌ಕಿ, ಯುದ್ಧವನ್ನು ಗೆದ್ದು ತಾಯ್ನಾಡಿಗೆ ಮರಳಿದಾಗ ಅಲ್ಲಿನ ಕಮ್ಯೂನಿಸ್ಟ್ ಸರಕಾರ 1948ರಲ್ಲಿ ಆತನನ್ನು ಗೂಢಚಾರನೆಂದು ಬಂಧಿಸಿ, ಮರಣದಂಡನೆ ವಿಧಿಸಿತು. ದಂಡನೆ ಸೆರೆವಾಸವಾಗಿ ಮಾರ್ಪಟ್ಟು ಆತ ಹೊರಬಂದದ್ದು 1956ರಲ್ಲಿ. ಹಿಂದಿರುಗಲಾರದೆ ಇಂಗ್ಲೆಂಡಿನಲ್ಲಿಯೇ ಉಳಿದವರು ಅದೇ 1948ರಲ್ಲಿ ಲಂಡನ್ನಿನ ಹೊರವಲಯದ ನಾರ್ತೋಲ್ಟಿನಲ್ಲಿ ತಮ್ಮ ಸತ್ತ ಸಂಗಾತಿಗಳಿಗೊಂದು ಸ್ಮಾರಕವನ್ನು ನಿಲ್ಲಿಸಿದರು. ತಾಯ್ನಾಡಿನಲ್ಲಿ ನೆನೆಯುವುದೇ ಅಪರಾಧವಾದಾಗ ಪರದೇಶದಲ್ಲಿ ನೆನೆದವರು ಅವರು. ನಮಗಾದರೋ ಯಾರ ಅಡ್ಡಿಯೂ ಇರಲಿಲ್ಲ, ಮರೆತೆವು, ಅಷ್ಟೆ. ಹೈಫಾದಲ್ಲಿ 1918ರಲ್ಲಿ ಕುದುರೆಯೇರಿ ನುಗ್ಗಿದ ಮೈಸೂರು ಲ್ಯಾನ್ಸರ್‌ಗಳಿಗೆ ಬೆಂಗಳೂರಿನಲ್ಲಿ ಸ್ಮಾರಕವುಂಟು, ಅದು ಯುಕ್ತವೇ. ಅವರು ನಮ್ಮ ಮಕ್ಕಳು. ಹಣವನ್ನೂ ಹೆಸರನ್ನೂ ಮಾತ್ರ ಕೊಟ್ಟು, ಹಾರಿದವರೂ ಸತ್ತವರೂ ಪರರ ಮಕ್ಕಳಾಗಿದ್ದ ದಳವನ್ನು ನಾವೇಕೆ ನೆನೆಯಬೇಕೆಂದು ಕೇಳುವವರಿಗೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ಆದರೆ ಹೆಸರನ್ನು ಸಾಲ ಕೊಟ್ಟವನು ಒಮ್ಮೆಯಾದರೂ ಯೋಗಕ್ಷೇಮ ವಿಚಾರಿಸುವುದು ಲೋಕರೂಢಿಯಲ್ಲವೆ?

ಕೂಲ್‌ಹ್ಯಾಮಿನವರು ವಿಚಾರಿಸಿದ್ದಾರೆ. ಪಾನಗೃಹದ ಬಳಿ ತಂಗುದಾಣದ ಸ್ಮಾರಕಫಲಕವಿದೆ. ಹೊಲಗಳ ನಡುವಣ ಕಾಲುದಾರಿಯಲ್ಲಿ, ಆ ನೆಲದಿಂದ ಹಾರಿ ಮಡಿದ ವೈಮಾನಿಕರ ಹೆಸರಿನಲ್ಲಿ ಮರಗಳನ್ನು ನೆಟ್ಟಿದ್ದಾರೆ. ಪೋಲಿಷ್ ಹೆಸರುಗಳ ವ್ಯಂಜನಗಳನ್ನು ಬಿಡಿಸಿಕೊಳ್ಳುತ್ತ ಬಂದ ನನ್ನನ್ನು, ಪಾನಗೃಹದ ಹೊರಗೆ ಕುಳಿತಿದ್ದ ವೃದ್ಧರೊಬ್ಬರು ಯಾವ ಊರಿನವರೆಂದು ಕೇಳಿದರು. ಹೇಳಿದರೆ ತಿಳಿಯದೆಂಬ ದಾಕ್ಷಿಣ್ಯದಿಂದ ಮೈಸೂರಿನ ಕಡೆಯವನೆಂದೆ.

“ಹಾಗಾದರೆ ನೀವು 129ರವರು!” ಎಂದು ಅವರು ಎದ್ದು ಕೈಕುಲುಕಿದರು. ಮೈಸೂರೆಂಬುದು ಅವರಿಗೆ ಅರಮನೆಯೂ ಅಲ್ಲ, ರೇಷ್ಮೆಯೂ ಅಲ್ಲ. ಹುಡುಗರಾಗಿದ್ದಾಗ ಬೇಲಿಯ ಸಂದಿನಿಂದ ಕಂಡ ವಿಮಾನಗಳ ಒಂದು ಗುಂಪು. ಬಳಿಕ ಜೇಬಿನಿಂದ ಸಣ್ಣ ಪುಸ್ತಕವೊಂದನ್ನು ತೆಗೆದು, ಬಂದುಹೋದವರ ಗುರುತಿಗೆಂದು ಹೆಸರನ್ನೂ ಊರನ್ನೂ ಬರೆಯಿಸಿದರು.

ನಾನು ಹುಟ್ಟಿದ್ದು ಧಾರವಾಡದಲ್ಲಿ. ಆ ಯುದ್ಧಕಾಲದಲ್ಲಿ ಅದು ಮುಂಬಯಿ ಪ್ರಾಂತಕ್ಕೆ ಸೇರಿತ್ತಾಗಿ, ಹಕ್ಕಿನಿಂದ ನೋಡಿದರೆ ನಮ್ಮವರು ‘ಮುಂಬಯಿ’ ಎಂಬ ಹೆಸರು ಹೊತ್ತ 122ನೆಯ ದಳಕ್ಕೋ 132ಕ್ಕೋ ಸಲ್ಲಬೇಕಾದವರು. ಆದರೆ 1956ರ ಏಕೀಕರಣದ ದಿನದಿಂದ ಧಾರವಾಡವೂ ಮೈಸೂರು ರಾಜ್ಯವೇ ಆಯಿತೆಂಬ ನ್ಯಾಯವನ್ನು ಮನಸ್ಸಿನಲ್ಲಿಯೇ ಹೂಡಿ, ಗೆದ್ದು, ‘ಮೈಸೂರು’ ಎಂದು ದಪ್ಪಕ್ಷರದಲ್ಲಿ ಬರೆದುಕೊಟ್ಟೆನು.