ಮೆಹಂದಿಯ ಊರು ಸೋಜತ್

ಗೌರಿಹಬ್ಬ ಹತ್ತಿರವಾದರೆ ನಮ್ಮ ರಾಜರಾಜೇಶ್ವರಿನಗರದ ಫ್ಯಾನ್ಸಿ ಸ್ಟೋರುಗಳಲ್ಲಿ ಮೆಹಂದಿ ಕೋನುಗಳ ರಾಶಿ ಬೀಳುತ್ತದೆ. ಪುಡಿಯ ಪೊಟ್ಟಣಗಳ ಮೇಲೆ ‘ಸೋಜತ್’ ಎಂಬ ಹೆಸರು ಓದಿ ಓದಿ, ರಾಜಸ್ಥಾನಕ್ಕೆ ಹೊರಟಾಗ ಅರಮನೆಗಳಿಗಿಂತ ಮೊದಲು ಆ ಊರನ್ನೇ ನೋಡಬೇಕೆನಿಸಿತು. ಜೋಧಪುರದ ರೈಲು ಹುಬ್ಬಳ್ಳಿ, ಪುಣೆ, ಅಹಮದಾಬಾದ್ ದಾಟಿ ಮಾರವಾಡದ ಸೀಮೆಗೆ ಬರುವಷ್ಟರಲ್ಲಿ ಕಿಟಕಿಯಾಚೆ ಜಾಲಿ, ಕಲ್ಲುಗುಡ್ಡ, ಕೆಂಧೂಳು ಅಷ್ಟೇ ಉಳಿದಿರುತ್ತವೆ.

ಅಂಥ ಒಣನೆಲದಲ್ಲಿ, ಪಾಲಿ ಜಿಲ್ಲೆಯ ಸೋಜತ್ ಸುತ್ತ, ಕಣ್ಣು ಹಾಯುವಷ್ಟು ದೂರ ಮೆಹಂದಿ ಹೊಲ! ನಮ್ಮ ಹಿತ್ತಲಲ್ಲಿ ಬೇಲಿಗೊಂದು ಗೋರಂಟಿ ಗಿಡ ಕಂಡವರಿಗೆ ಇದು ನಿಜಕ್ಕೂ ಬೆರಗು. ಮಳೆ ಕಡಿಮೆ, ಬಿಸಿಲು ಕಡು. ಈ ಗಿಡಕ್ಕೆ ಅದೇ ಹಿತ. ಒಮ್ಮೆ ನೆಟ್ಟರೆ ದಶಕಗಟ್ಟಲೆ ಬೆಳೆ ಕೊಡುತ್ತದೆ. 2021ರಲ್ಲಿ ‘ಸೋಜತ್ ಮೆಹಂದಿ’ಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಮುಂಗಾರು ಮುಗಿದ ಮೇಲೆ ಕುಡುಗೋಲು ಹಿಡಿದು ಕೊಯ್ಯುತ್ತಾರೆ. ಕೊಯ್ದ ಕಡ್ಡಿಯನ್ನು ಒಣಗಿಸಿ, ಬಡಿದು ಎಲೆ ಉದುರಿಸುತ್ತಾರೆ. ಒಣಗಲು ಹಾಕಿದಾಗ ಮಳೆ ಬಿದ್ದರೆ ಎಲೆಯ ಬಣ್ಣವೇ ಹೋಯಿತು ಎಂದು ರೈತರು ಆಕಾಶ ನೋಡುತ್ತಲೇ ಇರುತ್ತಾರೆ.

ಒಂದು ಮನೆಯಲ್ಲಿ ಹಿರಿಯಾಕೆ ನನ್ನೆದುರೇ ಪುಡಿ ಕಲಸಿದರು. ಬಟ್ಟೆಯಲ್ಲಿ ಸೋಸಿದ ನುಣುಪಾದ ಹಸಿರು ಪುಡಿಗೆ ನಿಂಬೆರಸ, ಚೂರು ಸಕ್ಕರೆ, ಕೆಲವು ಹನಿ ನೀಲಗಿರಿ ಎಣ್ಣೆ ಹಾಕಿ ಮುಚ್ಚಿಟ್ಟರು. ಗಂಟೆಗಳ ನಂತರ ಮುಚ್ಚಳ ತೆಗೆದಾಗ ಮೇಲ್ಪದರ ಕಂದಾಗಿತ್ತು; ಬೆರಳಿಂದ ಬಗೆದರೆ ಒಳಗೆ ಇನ್ನೂ ಹಸಿರು. ಎಲೆಯೊಳಗಿನ ಲಾಸೋನ್ ಎಂಬ ಬಣ್ಣದ ಅಂಶ ಹೊರಬಂದು ಗಾಳಿ ಸೋಕಿದ್ದರ ಗುರುತು ಅದು. ಅಂಗೈಗೆ ಒಂದು ಚುಕ್ಕೆ ಇಟ್ಟು, ಸ್ವಲ್ಪ ಹೊತ್ತಿನಲ್ಲಿ ಒರೆಸಿದರು. ಕಿತ್ತಳೆ ಬಣ್ಣ. “ನಾಳೆ ನೋಡಿ, ನಾಡಿದ್ದು ನೋಡಿ” ಎಂದರು. ಅದು ಕಡುಕಂದಾಗುವುದು ಒಂದೆರಡು ದಿನ ಕಳೆದ ಮೇಲೆಯೇ.

ಈ ಕಾಯುವಿಕೆ ಬೇಡವೆನ್ನುವವರಿಗಾಗಿ ಜೋಧಪುರದ ಘಂಟಾಘರ್ ಸಮೀಪ ಒಬ್ಬರು ‘ಕಪ್ಪು ಮೆಹಂದಿ, ಅರ್ಧ ಗಂಟೆಯಲ್ಲಿ ಟ್ಯಾಟೂ’ ಎಂದು ಕೂಗುತ್ತಿದ್ದರು. ಗೋವಾದ ಕಡಲತೀರದಲ್ಲಿ, ಮೊರಾಕ್ಕೊದ ಮರಾಕೆಷ್ ಚೌಕದಲ್ಲಿ ಪ್ರವಾಸಿಗರಿಗೆ ಎದುರಾಗುವುದೂ ಇದೇ. ಎಲೆಯಿಂದ ಅಷ್ಟು ಬೇಗ ಇದ್ದಿಲುಗಪ್ಪು ಬರುವುದಿಲ್ಲ. ಅದರಲ್ಲಿ ಬಹಳ ಸಲ ಇರುವುದು ಪಿಪಿಡಿ, ಅಂದರೆ ಪ್ಯಾರಾ-ಫಿನಿಲೀನ್‌ಡೈಅಮೀನ್ ಎಂಬ ಹೇರ್‌ಡೈ ರಾಸಾಯನಿಕ. ಯುರೋಪಿನಲ್ಲಿ ಅದನ್ನು ಕೂದಲಿಗೆ ಹಚ್ಚುವಾಗಲೂ 2 ಪ್ರತಿಶತ ಮೀರುವಂತಿಲ್ಲ; ಚರ್ಮದ ಮೇಲೆ ಚಿತ್ರ ಬರೆಯಲು ಅನುಮತಿಯೇ ಇಲ್ಲ. ಅಮೆರಿಕದ ಚರ್ಮ ಅಲರ್ಜಿ ತಜ್ಞರ ಸಂಘ 2006ರ ‘ವರ್ಷದ ಅಲರ್ಜಿಕಾರಕ’ ಎಂದು ಆರಿಸಿದ್ದು ಇದನ್ನೇ. ಹಚ್ಚಿದ ದಿನ ಏನೂ ಆಗದೆ, ದಿನಗಳು ಕಳೆದ ಮೇಲೆ ಬಿಡಿಸಿದ ಹೂಬಳ್ಳಿಯ ಆಕಾರದಲ್ಲೇ ಗುಳ್ಳೆ ಏಳಬಹುದು, ಕಲೆ ಉಳಿಯಬಹುದು. ಒಮ್ಮೆ ಅಲರ್ಜಿ ಅಂಟಿತೆಂದರೆ ಜೀವನಪೂರ್ತಿ ಪಿಪಿಡಿ ಇರುವ ಹೇರ್‌ಡೈ ಮುಟ್ಟುವ ಹಾಗಿಲ್ಲ. ಮಕ್ಕಳ ಪುಟ್ಟ ಕೈಗಳನ್ನು ಆ ಕಪ್ಪು ಕೋನಿಗೆ ಒಡ್ಡುವುದನ್ನು ಕಂಡು ನನಗೆ ಸುಮ್ಮನಿರಲಾಗಲಿಲ್ಲ. ಪಕ್ಕದಲ್ಲಿದ್ದ ತಾಯಿಯನ್ನು ಕರೆದು ಹೇಳಿಯೇಬಿಟ್ಟೆ.

ಪ್ರವಾಸದಲ್ಲಿ ಮೆಹಂದಿ ಹಾಕಿಸಿಕೊಳ್ಳುವ ಖುಷಿ ಬಿಡಬೇಕಿಲ್ಲ. ಯಾವಾಗ ಕಲಸಿದ್ದು, ಏನೇನು ಹಾಕಿದ್ದು ಎಂದು ಕೇಳಿ. ಕೋನಿನ ತುದಿಯಿಂದ ಚೂರು ಹೊರತೆಗೆಸಿ ನೋಡಿ: ಹಸಿರು ಬೆರೆತ ಕಂದು ಬಣ್ಣ, ಸೊಪ್ಪಿನ ವಾಸನೆ ಇರಬೇಕು. ಸೀಮೆಎಣ್ಣೆ, ಪೆಟ್ರೋಲಿನ ಘಾಟು ಬಂದರೆ ಎದ್ದುಬನ್ನಿ. ಹಸುಗೂಸುಗಳಿಗಂತೂ ಒಳ್ಳೆಯ ಮೆಹಂದಿಯೂ ಬೇಡ. ಜಿ6ಪಿಡಿ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯಬಹುದು. ಹಚ್ಚಿದ ಜಾಗ ಉರಿದರೆ ತಕ್ಷಣ ತೊಳೆದು ಚರ್ಮವೈದ್ಯರಿಗೆ ತೋರಿಸಿ.

ಸೋಜತ್‌ನಿಂದ ತಂದ ಪುಡಿಯನ್ನು ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿಟ್ಟಿದ್ದೇನೆ. ಈಗ ಊರಿಗೆ ಹೊರಡುವಾಗ ಸಣ್ಣ ಪೊಟ್ಟಣವೊಂದು ಬ್ಯಾಗಿನಲ್ಲಿರುತ್ತದೆ. ಬಿಡಿಸುವವರ ಕೋನಿನ ಬಗ್ಗೆ ಅನುಮಾನವಿದ್ದರೆ ಹಿಂದಿನ ರಾತ್ರಿಯೇ ಕಲಸಿಟ್ಟು, ನನ್ನದನ್ನೇ ಕೊಟ್ಟು ಬಿಡಿಸಿಕೊಳ್ಳುತ್ತೇನೆ.