ಉರುಲಿಗೆ ಕಣ್ಣಿಲ್ಲ

ಹಿತೋಪದೇಶದ ಮಿತ್ರಲಾಭದಲ್ಲಿ ಒಂದು ಜಿಂಕೆಯ ಕಥೆಯುಂಟು. ನರಿಯ ಮಾತನ್ನು ನಂಬಿ ಹಸುರು ಪೈರನ್ನು ಮೇಯಹೋದ ಜಿಂಕೆಯು ಒಕ್ಕಲಿಗನೊಡ್ಡಿದ ಪಾಶದಲ್ಲಿ ಸಿಕ್ಕಿಬಿದ್ದಿತು. ಪಾಶವು ಸ್ನಾಯುವಿನದು, ಇಂದು ಆದಿತ್ಯವಾರ, ಹಲ್ಲಿನಿಂದ ಮುಟ್ಟಲಾರೆನೆಂದು ನರಿಯು ನೆವ ಹೇಳಿತು. ಕಡೆಗೆ ಕಾಗೆಯ ಉಪಾಯದಂತೆ ಜಿಂಕೆಯು ಸತ್ತಂತೆ ಬಿದ್ದುಕೊಂಡು, ಒಕ್ಕಲಿಗನು ಪಾಶವನ್ನು ಬಿಚ್ಚಿದೊಡನೆ ಎದ್ದು ಓಡಿತು. ಈ ಕಥೆಯನ್ನೋದಿದವರೆಲ್ಲರೂ ನರಿಯ ಕಪಟವನ್ನು ನೆನಪಿಟ್ಟಿರುವರು, ಪಾಶವನ್ನು ಮರೆತಿರುವರು. ಇಂದು ವಿಚಾರಿಸತಕ್ಕದ್ದು ಆ ಪಾಶವನ್ನೇ.

ಸಂಪಗಾಂವ, ಬೈಲಹೊಂಗಲ, ಕಿತ್ತೂರ ಸೀಮೆಯು ಗೋವಿನಜೋಳ, ಶೇಂಗಾ, ಕಬ್ಬುಗಳ ನಾಡು. ಕಾಡುಹಂದಿಯ ಹಿಂಡು ಇಂಥ ಹೊಲಕ್ಕೆ ನುಗ್ಗಿದರೆ ತಿಂದುದಕ್ಕಿಂತ ತುಳಿದುದೇ ಹೆಚ್ಚು. ಸಾಲ ಮಾಡಿ ಬಿತ್ತಿದವನಿಗೆ ಪಟ್ಟಣದಲ್ಲಿ ಕುಳಿತು ಭೂತದಯೆಯನ್ನು ಉಪದೇಶಿಸುವುದು ಸುಲಭವೇ ಸರಿ. ಒಕ್ಕಲಿಗನ ಕಷ್ಟವು ನಿಜವಾದುದೆಂದು ಮೊದಲು ಒಪ್ಪಬೇಕು. ಆದರೆ ಆ ಕಷ್ಟಕ್ಕೆ ಕರ್ನಾಟಕದ ಎಷ್ಟೋ ಕಡೆಗಳಲ್ಲಿ ಜನರು ಕಂಡುಕೊಂಡ ಉಪಾಯವೆಂದರೆ, ಮೋಟಾರು ಸಾಯಕಲ್ಲಿನ ಕ್ಲಚ್ ತಂತಿಯನ್ನು ಕುಣಿಕೆ ಮಾಡಿ ಬೇಲಿಯ ಸಂದಿಯಲ್ಲಿ ಹಂದಿಯ ಜಾಡಿಗೆ ಕಟ್ಟುವುದು.

ಬೇಟೆಗಾರನಿಗಾದರೂ ಕಣ್ಣುಂಟು, ಗಬ್ಬದ ಹುಲ್ಲೆಯನ್ನು ಕಂಡು ಅವನು ಕೈ ಹಿಂದೆಗೆದಾನು. ಉರುಲಿಗೆ ಕಣ್ಣಿಲ್ಲ. ಹಂದಿಗೆಂದು ಒಡ್ಡಿದುದು ಮೊಲವನ್ನೂ ತೋಳವನ್ನೂ ಊರ ನಾಯಿಯನ್ನೂ ಸಮನಾಗಿ ಹಿಡಿಯುವುದು. ಕೊಡಗು, ಹಾಸನ, ಚಿಕ್ಕಮಗಳೂರುಗಳ ಕಾಫಿ ತೋಟಗಳ ಅಂಚಿನಲ್ಲಿ ಹೀಗೆ ಸಿಕ್ಕ ಚಿರತೆಗಳು ಹಲವು, ಹುಲಿಗಳೂ ಉಂಟು. ಚಿರತೆಯ ತಲೆಯೂ ಮುಂಗಾಲುಗಳೂ ಕುಣಿಕೆಯೊಳಗೆ ತೂರಿದ ಮೇಲೆ ತಂತಿಯು ನಡುವನ್ನು ಹಿಡಿಯುವುದುಂಟು. ಜಗ್ಗಿದಷ್ಟೂ ಬಿಗಿದು ಚರ್ಮವನ್ನು ಸೀಳಿ ಒಳಗಿನ ಅವಯವಗಳನ್ನು ಘಾಸಿಗೊಳಿಸುವುದು. ಬಿಡಿಸಿಕೊಂಡ ಪ್ರಾಣಿಯೂ ಹೋರಾಟದ ಬಳಲಿಕೆಯಿಂದ ಮಾಂಸಖಂಡಗಳು ಕೆಟ್ಟು ಕೆಲವು ದಿನಗಳ ತರುವಾಯ ಸಾಯುವುದುಂಟು. ಹಿಂದಿನ ಸ್ನಾಯುಪಾಶವನ್ನು ಹಲ್ಲಿನಿಂದ ಕಡಿಯಬಹುದಾಗಿತ್ತು. ಮಳೆಗೆ ಅದು ಕೊಳೆಯುತ್ತಿತ್ತು. ಉಕ್ಕಿನ ತಂತಿಯನ್ನು ಯಾವ ಮಿತ್ರನೂ ಕಡಿಯಲಾರನು. ಸುಗ್ಗಿ ಮುಗಿದು ಒಡ್ಡಿದವನು ಮರೆತರೂ ಅದು ತನ್ನ ಕೆಲಸವನ್ನು ಮರೆಯದು.

ಇದು ಒಂದು ನಾಡಿನ ಪಾಪವಲ್ಲ. ಉಗಾಂಡದ ಬುಡೊಂಗೊ ಅರಣ್ಯದಲ್ಲಿ ಜನರು ಉರುಲೊಡ್ಡುವುದು ಮಾಂಸಕ್ಕಾಗಿ, ಚಿಕ್ಕ ಚಿಗರಿಗಳಿಗೆ. ಆದರೂ ಅಲ್ಲಿಯ ಎಷ್ಟೋ ಚಿಂಪಾಂಜಿಗಳ ಬೆರಳುಗಳು ಮುರುಟಿವೆ, ಕೆಲವಕ್ಕೆ ಹಸ್ತವೇ ಇಲ್ಲ. ಕೆನ್ಯಾ ದೇಶದಲ್ಲಿ ಶೆಲ್ಡ್ರಿಕ್ ಸಂಸ್ಥೆಯು 1999ರಿಂದ ತಂಡಗಳನ್ನು ಕಟ್ಟಿ, ಕಾಡನ್ನು ಕಾಲ್ನಡೆಯಲ್ಲಿ ಹುಡುಕಿ ಉರುಲುಗಳನ್ನು ಕಿತ್ತು ಹಾಕಿಸುತ್ತಿದೆ.

ಕೌಟಿಲ್ಯನು ಅರ್ಥಶಾಸ್ತ್ರದ ಸೂನಾಧ್ಯಕ್ಷ ಪ್ರಕರಣದಲ್ಲಿ, ಅಭಯವನದ ಮೃಗಪಕ್ಷಿಮತ್ಸ್ಯಗಳನ್ನು ಬಂಧಿಸಿದವನಿಗೂ ಕೊಂದವನಿಗೂ ಒಂದೇ ಉತ್ತಮ ದಂಡವನ್ನು ವಿಧಿಸಿರುವನು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿಯೂ ಬೇಟೆಯೆಂಬ ಶಬ್ದದಲ್ಲಿ ಉರುಲಿನಿಂದ ಹಿಡಿಯುವುದೂ ಅದಕ್ಕೆ ಯತ್ನಿಸುವುದೂ ಸೇರಿವೆ. ಕಿತ್ತೂರಿನ ನೆರೆಯ ಖಾನಾಪುರ ತಾಲೂಕಿನ ಭೀಮಗಡವು 2011ರಲ್ಲಿ ಅಭಯಾರಣ್ಯವಾಯಿತು. ಆದರೆ ಅರಣ್ಯದ ಗಡಿಯನ್ನು ಅರಿತವನು ಮನುಷ್ಯನು, ಮೃಗವಲ್ಲ. ಗಡಿಯಾಚೆ ಅದರ ಪ್ರಾಣವು ಹೊಲದವನ ಕೈಯಲ್ಲಿರುವುದು.

ದಂಡದಿಂದ ಒಕ್ಕಲಿಗನ ಹಾನಿಯು ತುಂಬಲಾರದು. ಕಾಡುಪ್ರಾಣಿಗಳಿಂದಾದ ಬೆಳೆಹಾನಿಗೆ ಸರಕಾರವು ಪರಿಹಾರವನ್ನು ಕೊಡುವುದುಂಟು. ಆದರೆ ಅರ್ಜಿ, ಕಾಗದಪತ್ರಗಳ ತೊಡಕಿಗೆ ಅಂಜಿ ಅದನ್ನು ಕೇಳದವರು ಇರುವರು. ವಿದ್ಯಾವಂತ ಗೃಹಸ್ಥರು ಇಲ್ಲಿ ಮಾಡತಕ್ಕ ಕೆಲಸವುಂಟು. ಓದುಬರಹ ಬಲ್ಲವರು ನೆರೆಯವನ ಅರ್ಜಿಯನ್ನು ಬರೆದುಕೊಡಲಿ. ಹೊಲವನ್ನು ಪಾಲಿಗೆ ಕೊಟ್ಟವರು ಬರಿಯ ಪಾಲನ್ನು ಎಣಿಸದೆ, ಬೆಳೆಯನ್ನು ಹೇಗೆ ಕಾಯಲಾಯಿತೆಂದು ಕೇಳಲಿ. ರಾಶಿಯಾದ ಮೇಲೆ ಬೇಲಿಗುಂಟ ಒಮ್ಮೆ ನಡೆದು, ಉಳಿದ ತಂತಿಯನ್ನು ಕಿತ್ತು ತರಲಿ. ಕಥೆಯ ನರಿಯು ಆದಿತ್ಯವಾರದ ನೆವ ಹೇಳಿ ದೂರ ನಿಂತಿತು. ತನ್ನ ಹೊಲವನ್ನು ನೋಡಿ ಬರಲು ತನಗೆ ಪುರುಸೊತ್ತಿಲ್ಲವೆಂಬ ವಿದ್ಯಾವಂತನ ನೆವವು ಅದಕ್ಕಿಂತ ಮೇಲಾದುದಲ್ಲ.